ಸಿಮೆಂಟ್ ಶೀಟು, ಬ್ರೇಕ್ ಲೈನಿಂಗ್, ಬಾಯ್ಲರ್ ಲೇಪ: ಕಲ್ನಾರಿನ ಬಗ್ಗೆ ಕರಾವಳಿಯವರು ಪದೇ ಪದೇ ಕೇಳುವ ಪ್ರಶ್ನೆಗಳು

ಮಂಗಳೂರು, ಉಡುಪಿ ಕಡೆ ಹಟ್ಟಿಯ ಮಾಡು, ಅಡಿಕೆ ಶೆಡ್ಡು, ಮೀನಿನ ಗೋದಾಮು, ಟೆರೇಸಿನ ಮೇಲಿನ ಚಪ್ಪರ, ಎಲ್ಲಿ ನೋಡಿದರೂ ಬೂದು ಬಣ್ಣದ ಅಲೆಅಲೆ ಶೀಟು. ಅದರೊಳಗಿನ ಕಲ್ನಾರಿನ ಬಗ್ಗೆ ಎರಡು ಬಗೆಯ ಮಾತು ಓಡಾಡುತ್ತದೆ. "ಐವತ್ತು ವರ್ಷದಿಂದ ಇದೆ, ಯಾರಿಗೂ ಏನೂ ಆಗಿಲ್ಲ" ಎನ್ನುವುದು ಒಂದು. "ಅದರಡಿ ಮಲಗಿದರೆ ಕ್ಯಾನ್ಸರ್ ಗ್ಯಾರಂಟಿ" ಎನ್ನುವುದು ಇನ್ನೊಂದು. ಎರಡೂ ಸರಿಯಲ್ಲ. ಗಟ್ಟಿಯಾದ ಶೀಟು ಮಾಡಿನ ಮೇಲೆ ಸುಮ್ಮನೆ ಕೂತಿರುವಾಗ ಅಪಾಯ ಕಡಿಮೆ. ಅದನ್ನು ಕತ್ತರಿಸಿ, ತಿಕ್ಕಿ, ಒಡೆದು ನಾವೇ ಎಬ್ಬಿಸುವ ಧೂಳು ಕೊಲ್ಲುತ್ತದೆ. ಕೆಳಗಿನ ಉತ್ತರಗಳೆಲ್ಲ ಆ ಧೂಳಿನ ಸುತ್ತಲೇ ಇವೆ.

ಕಲ್ನಾರು ಅಂದರೆ ನಿಜವಾಗಿ ಏನು?

ಹೆಸರೇ ಹೇಳುವ ಹಾಗೆ ಕಲ್ಲಿನಿಂದ ಸಿಗುವ ನಾರು. ಕೆಲವು ಬಂಡೆಗಳ ಸೀಳುಗಳಲ್ಲಿ ಸಿಲಿಕೇಟ್ ಖನಿಜ ನಾರುನಾರಾಗಿ ಬೆಳೆದಿರುತ್ತದೆ. ಹತ್ತಿಯಂತೆ ಹಿಂಜಬಹುದು, ಹಗ್ಗ ಹೊಸೆಯಬಹುದು, ಬಟ್ಟೆ ನೇಯಬಹುದು. ಬೆಂಕಿಗೆ ಉರಿಯುವುದಿಲ್ಲ, ಕೊಳೆಯುವುದಿಲ್ಲ, ಎಳೆದರೆ ಸುಲಭಕ್ಕೆ ಹರಿಯುವುದಿಲ್ಲ. ಇಂಥ ಆರು ಖನಿಜಗಳನ್ನು ಒಟ್ಟಾಗಿ ಆಸ್ಬೆಸ್ಟಾಸ್ ಎನ್ನುತ್ತಾರೆ: ಬಿಳಿಯದು ಕ್ರೈಸೊಟೈಲ್, ಕಂದು ಬಣ್ಣದ್ದು ಅಮೊಸೈಟ್, ನೀಲಿಯದು ಕ್ರೊಸಿಡೊಲೈಟ್, ಮತ್ತೆ ಟ್ರೆಮೊಲೈಟ್, ಆಕ್ಟಿನೊಲೈಟ್, ಆಂಥೊಫಿಲೈಟ್. ಕ್ರೈಸೊಟೈಲ್ ನಾರು ಸುರುಳಿಯಾಗಿರುತ್ತದೆ. ಉಳಿದ ಐದು ಸೂಜಿಯಂತೆ ನೇರ. ನಮ್ಮಲ್ಲಿ ಶೀಟಿಗೆ ಬಳಸುವುದು ಬಿಳಿಯದು.

ಕೈಗಾರಿಕೆಗೆ ಇದು ಹೇಗೆ ಬಂತು? ಹಂಚಿನ ಊರಿಗೆ ಶೀಟು ಬಂದದ್ದೇಕೆ?

ಉಗಿಯಂತ್ರದ ಕಾಲದಲ್ಲಿ ಬಾಯ್ಲರು, ಉಗಿಪೈಪುಗಳ ಬಿಸಿ ಹೊರಹೋಗದಂತೆ ಹೊದಿಸಲು ಉರಿಯದ ವಸ್ತು ಬೇಕಿತ್ತು. 1870ರ ದಶಕದಲ್ಲಿ ಕೆನಡಾದ ಕ್ವಿಬೆಕ್‌ನಲ್ಲಿ ದೊಡ್ಡ ಗಣಿಗಳು ತೆರೆದವು. ಅಲ್ಲಿನ ಒಂದು ಪಟ್ಟಣದ ಹೆಸರೇ ಆಸ್ಬೆಸ್ಟಾಸ್ ಆಗಿತ್ತು. 2020ರಲ್ಲಿ ಊರಿನವರು ಮತ ಹಾಕಿ ಆ ಹೆಸರನ್ನು ಕಳಚಿಹಾಕಿದರು.

ಶೀಟಿನ ಕಥೆ ಆಸ್ಟ್ರಿಯಾದ ಲುಡ್ವಿಗ್ ಹಾಚೆಕ್ ಅವರಿಂದ ಶುರು. ಸಿಮೆಂಟು ಮತ್ತು ಕಲ್ನಾರನ್ನು ನೀರಲ್ಲಿ ಕದಡಿ, ತಿರುಗುವ ಜಾಲರಿಯಿಂದ ತೆಳುವಾದ ಪದರಗಳಾಗಿ ಎತ್ತಿ, ಒಂದರ ಮೇಲೊಂದು ಸುತ್ತಿ ಹಲಗೆ ಮಾಡುವ ವಿಧಾನಕ್ಕೆ ಅವರು 1901ರಲ್ಲಿ ಪೇಟೆಂಟ್ ಪಡೆದರು. ಇವತ್ತಿಗೂ ಶೀಟು ತಯಾರಾಗುವುದು ಮೂಲತಃ ಇದೇ ವಿಧಾನದಲ್ಲಿ. ಭಾರತದಲ್ಲಿ ತಯಾರಿಕೆ ಶುರುವಾದದ್ದು 1930ರ ದಶಕದಲ್ಲಿ, ಮಧ್ಯಪ್ರದೇಶದ ಕೈಮೋರ್‌ನಲ್ಲಿ.

ನಮ್ಮ ಊರಿನ ಮಟ್ಟಿಗೆ ಇದರಲ್ಲೊಂದು ನೋವಿದೆ. ಬಾಸೆಲ್ ಮಿಶನ್ 1865ರಲ್ಲಿ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದಂದಿನಿಂದ ಮಂಗಳೂರು ಹಂಚು ಕಡಲಾಚೆಗೂ ಹೋಯಿತು. ಅದೇ ಊರಲ್ಲಿ ಶೀಟು ನೆಲೆಯೂರಿತು. ಕಾರಣಗಳು ಗಟ್ಟಿಯಾಗಿಯೇ ಇದ್ದವು: ಪಕ್ಕಾಸು, ರೀಪಿಗೆ ಮರ ದುಬಾರಿಯಾಯಿತು, ಮಂಗ ಸರಿಸಿದ ಹಂಚನ್ನು ಪ್ರತಿ ಮಳೆಗಾಲಕ್ಕೆ ಮುಂಚೆ ಕೈಯಾಡಿಸಿ ಕೂರಿಸಲು ಜನ ಸಿಗದಾದರು, ತಗಡು ಹಾಕಿದರೆ ಉಪ್ಪುಗಾಳಿಗೆ ಕೆಲವೇ ವರ್ಷದಲ್ಲಿ ತುಕ್ಕು. ಸಿಮೆಂಟ್ ಶೀಟಿಗೆ ತುಕ್ಕಿಲ್ಲ, ಒಂದೇ ದಿನದಲ್ಲಿ ಹೊದಿಸಿ ಮುಗಿಸಬಹುದು, ಬೆಲೆಯೂ ಕಡಿಮೆ. ಹಾಕಿದವರು ತಿಳಿಗೇಡಿಗಳಲ್ಲ. ಅವರಿಗೆ ಅಪಾಯದ ವಿಷಯ ಯಾರೂ ಹೇಳಲಿಲ್ಲ.

ಅಪಾಯ ಯಾವಾಗ ಗೊತ್ತಾಯಿತು?

ಶೀಟು ನಮ್ಮೂರಿಗೆ ಬರುವ ಮೊದಲೇ. ಇಂಗ್ಲೆಂಡಿನ ರಾಚ್‌ಡೇಲ್‌ನಲ್ಲಿ ಕಲ್ನಾರು ನೂಲುತ್ತಿದ್ದ ನೆಲ್ಲಿ ಕರ್ಶಾ ಎಂಬ ಕಾರ್ಮಿಕ ಮಹಿಳೆ 1924ರಲ್ಲಿ ತೀರಿಕೊಂಡರು. ಅವರ ಶ್ವಾಸಕೋಶವನ್ನು ಪರೀಕ್ಷಿಸಿದ ವೈದ್ಯ ಕುಕ್ ಒಳಗೆ ಖನಿಜದ ಕಣಗಳನ್ನು ಕಂಡು ವರದಿ ಬರೆದರು. 1927ರಲ್ಲಿ ರೋಗಕ್ಕೆ ಆಸ್ಬೆಸ್ಟೋಸಿಸ್ ಎಂಬ ಹೆಸರನ್ನೂ ಕೊಟ್ಟರು. 1930ರಲ್ಲಿ ಮೆರಿವೆದರ್ ಮತ್ತು ಪ್ರೈಸ್ ಅವರ ಸರ್ಕಾರಿ ವರದಿ, 1931ರಲ್ಲಿ ಬ್ರಿಟನ್ನಿನ ಧೂಳು ನಿಯಂತ್ರಣ ನಿಯಮ. ಶ್ವಾಸಕೋಶದ ಕ್ಯಾನ್ಸರಿನ ಸಂಬಂಧವನ್ನು 1955ರಲ್ಲಿ ರಿಚರ್ಡ್ ಡಾಲ್ ಲೆಕ್ಕ ಹಾಕಿ ತೋರಿಸಿದರು. 1960ರಲ್ಲಿ ವಾಗ್ನರ್ ಮತ್ತು ಸಂಗಡಿಗರು ದಕ್ಷಿಣ ಆಫ್ರಿಕಾದ ನೀಲಿ ಕಲ್ನಾರಿನ ಗಣಿ ಪ್ರದೇಶದಿಂದ 33 ಮೆಸೊಥೆಲಿಯೋಮಾ (ಶ್ವಾಸಕೋಶದ ಪೊರೆಯ ಕ್ಯಾನ್ಸರ್) ರೋಗಿಗಳ ವಿವರ ಪ್ರಕಟಿಸಿದರು. ಅವರಲ್ಲಿ ಕೆಲವರು ಗಣಿಗೆ ಇಳಿದವರೇ ಅಲ್ಲ, ಆ ಊರಲ್ಲಿ ಬೆಳೆದವರು ಅಷ್ಟೇ.

ಇಷ್ಟಾದ ಮೇಲೂ ಬ್ರಿಟನ್ ಬಿಳಿ ಕಲ್ನಾರನ್ನು ನಿಷೇಧಿಸಿದ್ದು 1999ರಲ್ಲಿ. ಕರ್ಶಾ ಸತ್ತು 75 ವರ್ಷ ಕಳೆದಿತ್ತು. ಐರೋಪ್ಯ ಒಕ್ಕೂಟದಾದ್ಯಂತ 2005ರಲ್ಲಿ, ಬ್ರೆಜಿಲ್‌ನಲ್ಲಿ 2017ರಲ್ಲಿ, ದಶಕಗಳ ಕಾಲ ಜಗತ್ತಿಗೆಲ್ಲ ಮಾರಿದ ಕೆನಡಾದಲ್ಲಿ 2018ರಲ್ಲಿ ನಿಷೇಧ ಬಂತು.

ಭಾರತದಲ್ಲಿ ನಿಷೇಧ ಇದೆಯೇ?

ಬಳಕೆಗೆ ಇಲ್ಲ. ಗಣಿಗಾರಿಕೆಯನ್ನು ಮಾತ್ರ ತಡೆಹಿಡಿಯಲಾಗಿದೆ: 1986ರಲ್ಲಿ ಹೊಸ ಗುತ್ತಿಗೆ ಕೊಡುವುದು ನಿಂತಿತು, 1993ರಲ್ಲಿ ಹಳೆಯದರ ನವೀಕರಣವೂ ನಿಂತಿತು. ಹಾಗಾಗಿ ನಾರನ್ನು ಮುಖ್ಯವಾಗಿ ರಷ್ಯಾ, ಕಝಾಕಿಸ್ತಾನ, ಬ್ರೆಜಿಲ್‌ಗಳಿಂದ ತರಿಸುತ್ತೇವೆ. ಇತ್ತೀಚಿನ ವರ್ಷಗಳಲ್ಲಿ ಇದು ವರ್ಷಕ್ಕೆ 3 ಲಕ್ಷ ಟನ್ ದಾಟಿದೆ; ಜಗತ್ತಿನಲ್ಲಿ ಅತಿ ಹೆಚ್ಚು ತರಿಸಿಕೊಳ್ಳುವ ದೇಶ ನಮ್ಮದು. ತಮ್ಮ ನೆಲದಲ್ಲಿ ಬಳಸಬಾರದೆಂದು ಬ್ರೆಜಿಲ್ಲಿನ ನ್ಯಾಯಾಲಯ ತೀರ್ಪು ಕೊಟ್ಟ ನಂತರವೂ ಅಲ್ಲಿಂದ ನಾರು ನಮ್ಮ ದೇಶಕ್ಕೆ ಹಡಗು ಹತ್ತುತ್ತಿದೆ ಎನ್ನುವುದು ಯೋಚಿಸಬೇಕಾದ ಸಂಗತಿ.

ಬಿಳಿ ಕಲ್ನಾರು ಸುರಕ್ಷಿತ ಎಂದು ಶೀಟು ಮಾರುವವರು ಹೇಳುತ್ತಾರಲ್ಲ?

ಬಿಳಿಯ ನಾರು ಶ್ವಾಸಕೋಶದಲ್ಲಿ ನೀಲಿ, ಕಂದು ನಾರಿನಷ್ಟು ಕಾಲ ಉಳಿಯುವುದಿಲ್ಲ, ಮೆಸೊಥೆಲಿಯೋಮಾ ತರುವ ಶಕ್ತಿಯೂ ಅವುಗಳಿಗಿಂತ ಕಡಿಮೆ. ಇಷ್ಟು ನಿಜ. ಅದರಿಂದ "ಸುರಕ್ಷಿತ" ಎಂಬ ತೀರ್ಮಾನಕ್ಕೆ ಹಾರುವುದು ಸುಳ್ಳು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಆರೂ ಬಗೆಯನ್ನು ಮೊದಲನೇ ಗುಂಪಿಗೆ, ಅಂದರೆ ಮನುಷ್ಯರಲ್ಲಿ ಕ್ಯಾನ್ಸರ್ ತರುವುದು ಖಚಿತವಾದ ಗುಂಪಿಗೆ ಸೇರಿಸಿದೆ. ಇಷ್ಟರವರೆಗೆ ಪರವಾಗಿಲ್ಲ ಎನ್ನಬಹುದಾದ ಮಿತಿ ಯಾವ ಬಗೆಗೂ ಸಿಕ್ಕಿಲ್ಲ.

ಉಸಿರಿನೊಡನೆ ಒಳಹೋದ ನಾರು ಏನು ಮಾಡುತ್ತದೆ?

ಕಣ್ಣಿಗೆ ಕಾಣುವ ದಪ್ಪ ಧೂಳನ್ನು ಮೂಗು, ಗಂಟಲು ಹಿಡಿದು ಹೊರಹಾಕುತ್ತವೆ. ತೊಂದರೆ ಕೊಡುವುದು ಕಾಣದ ಎಳೆಗಳು. ಉದ್ದ 5 ಮೈಕ್ರಾನ್‌ಗಿಂತ ಹೆಚ್ಚು, ದಪ್ಪ 3 ಮೈಕ್ರಾನ್‌ಗಿಂತ ಕಡಿಮೆ ಇರುವ ನಾರನ್ನು ಪರೀಕ್ಷೆಯಲ್ಲಿ ಎಣಿಸುತ್ತಾರೆ. ತಲೆಕೂದಲಿನ ದಪ್ಪ ಸುಮಾರು 70 ಮೈಕ್ರಾನ್. ಅದರ ಪಕ್ಕ ಇಟ್ಟು ಅಳತೆ ಊಹಿಸಿಕೊಳ್ಳಿ. ಅಷ್ಟು ಸಣ್ಣದು ಶ್ವಾಸಕೋಶದ ಕೊನೆಯ ಗಾಳಿಚೀಲದವರೆಗೆ ಇಳಿಯುತ್ತದೆ. ಅಲ್ಲಿ ಕಸ ನುಂಗುವ ಕೋಶಗಳು ಅದನ್ನು ನುಂಗಲು ಹೋಗುತ್ತವೆ. ಆದರೆ ನಾರು ಕೋಶಕ್ಕಿಂತ ಉದ್ದ. ಅರ್ಧ ನುಂಗಿದ ಕೋಶ ಒಡೆದು ಒಳಗಿನ ರಾಸಾಯನಿಕ ಹೊರಚೆಲ್ಲುತ್ತದೆ, ಉರಿಯೂತ ಶುರುವಾಗುತ್ತದೆ, ಇನ್ನೊಂದು ಕೋಶ ಬರುತ್ತದೆ, ಅದೂ ಸೋಲುತ್ತದೆ. ಈ ಗಾಯ, ಕಲೆ ಕಟ್ಟುವಿಕೆ ವರ್ಷಗಟ್ಟಲೆ ನಡೆದು ಶ್ವಾಸಕೋಶ ಗಡುಸಾಗುತ್ತದೆ. ಕೋಶಗಳ ವಂಶವಾಹಿಗೂ ಪೆಟ್ಟು ಬೀಳುತ್ತದೆ.

ಯಾವ ಯಾವ ರೋಗ, ಎಷ್ಟು ವರ್ಷಕ್ಕೆ?

ಆಸ್ಬೆಸ್ಟೋಸಿಸ್: ಶ್ವಾಸಕೋಶ ಕಲೆಗಟ್ಟಿ ಹಿಗ್ಗುವ ಗುಣ ಕಳೆದುಕೊಳ್ಳುವುದು. ಮೊದಲು ಏರು ಹತ್ತುವಾಗ ಏದುಸಿರು, ಆಮೇಲೆ ಸಮನೆಲದಲ್ಲೂ. ಒಣಕೆಮ್ಮು, ಕೆಲವರಿಗೆ ಬೆರಳ ತುದಿ ಉಬ್ಬುತ್ತದೆ. ಸಾಮಾನ್ಯವಾಗಿ ಹತ್ತಾರು ವರ್ಷ ಹೆಚ್ಚು ಧೂಳು ಕುಡಿದವರಿಗೆ ಬರುತ್ತದೆ. ಶ್ವಾಸಕೋಶದ ಕ್ಯಾನ್ಸರ್ ಕಾಣಿಸಲು 15ರಿಂದ 30 ವರ್ಷ ಅಥವಾ ಹೆಚ್ಚು. ಮೆಸೊಥೆಲಿಯೋಮಾ ಎಂದರೆ ಶ್ವಾಸಕೋಶ ಅಥವಾ ಹೊಟ್ಟೆಯ ಸುತ್ತಲಿನ ಪೊರೆಯ ಕ್ಯಾನ್ಸರ್. ಧೂಳು ಒಳಹೋದ 30-40 ವರ್ಷದ ನಂತರ ಬರುವುದೇ ಹೆಚ್ಚು, ಕಡಿಮೆ ಧೂಳಿಗೂ ಬಂದದ್ದಿದೆ, ಪತ್ತೆಯಾದ ಮೇಲೆ ಬದುಕುಳಿಯುವ ಅವಧಿ ಬಹಳ ಮಂದಿಗೆ ಒಂದೆರಡು ವರ್ಷ. ಧ್ವನಿಪೆಟ್ಟಿಗೆ ಮತ್ತು ಅಂಡಾಶಯದ ಕ್ಯಾನ್ಸರಿಗೂ ಕಲ್ನಾರು ಕಾರಣ ಎಂದು ದೃಢಪಟ್ಟಿದೆ. ಎಕ್ಸ್‌ರೇಯಲ್ಲಿ ಕಾಣುವ ಪೊರೆಯ ಗಡುಸು ಮಚ್ಚೆಗಳು ಕ್ಯಾನ್ಸರ್ ಅಲ್ಲ, ಆದರೆ ಹಿಂದೆ ಧೂಳು ಒಳಹೋಗಿದೆ ಎಂಬುದರ ಗುರುತು.

ಕೆಲಸದ ಸ್ಥಳದ ಕಲ್ನಾರಿನಿಂದ ಜಗತ್ತಿನಲ್ಲಿ ವರ್ಷಕ್ಕೆ 2 ಲಕ್ಷಕ್ಕೂ ಹೆಚ್ಚು ಸಾವು ಎಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜಿಸಿದೆ. "ಯಾರಿಗೂ ಏನೂ ಆಗಿಲ್ಲ" ಎನ್ನುವ ಮಾತಿನ ಮೂಲ ಈ ಮೂವತ್ತು ನಲವತ್ತು ವರ್ಷದ ಅಂತರ. ಶೀಟು ಕತ್ತರಿಸಿದ ಹುಡುಗ ಅಜ್ಜನಾದ ಮೇಲೆ ಕೆಮ್ಮಿದರೆ ಯಾರು ಶೀಟನ್ನು ನೆನೆಯುತ್ತಾರೆ?

ಬೀಡಿ, ಸಿಗರೇಟು ಸೇದುವವರಿಗೆ?

ಅಮೆರಿಕದ ಇನ್ಸುಲೇಶನ್ ಕಾರ್ಮಿಕರ ಮೇಲೆ ಸೆಲಿಕಾಫ್ ಮತ್ತು ಸಂಗಡಿಗರು ನಡೆಸಿದ ಅಧ್ಯಯನದಲ್ಲಿ, ಎರಡೂ ಇಲ್ಲದವರಿಗೆ ಹೋಲಿಸಿದರೆ ಶ್ವಾಸಕೋಶದ ಕ್ಯಾನ್ಸರಿನಿಂದ ಸಾಯುವ ಸಂಭವ ಕಲ್ನಾರು ಮಾತ್ರ ಇದ್ದವರಿಗೆ ಸುಮಾರು 5 ಪಟ್ಟು, ಹೊಗೆ ಮಾತ್ರ ಇದ್ದವರಿಗೆ 11 ಪಟ್ಟು, ಎರಡೂ ಇದ್ದವರಿಗೆ 53 ಪಟ್ಟು. ಒಳಗೆ ಕೂತ ನಾರನ್ನು ತೆಗೆಯಲು ಬರುವುದಿಲ್ಲ. ಸೇದುವುದನ್ನು ಬಿಡಲು ಬರುತ್ತದೆ.

ಶೀಟಿನಡಿ ವಾಸಿಸುತ್ತಿದ್ದೇವೆ. ಈಗಲೇ ತೆಗೆಸಬೇಕೇ?

ಶೀಟು ಗಟ್ಟಿಯಿದ್ದರೆ ಅವಸರ ಬೇಡ. 6 ಮಿ.ಮೀ. ದಪ್ಪದ ಶೀಟಿನಲ್ಲಿ ನಾರಿನ ಪಾಲು ಸುಮಾರು ನೂರಕ್ಕೆ 8ರಿಂದ 10. ಉಳಿದದ್ದು ಹೆಚ್ಚಾಗಿ ಸಿಮೆಂಟು, ಹಾರುಬೂದಿ. ಸಿಮೆಂಟು ನಾರನ್ನು ಬಿಗಿಹಿಡಿದಿರುತ್ತದೆ. ಆದರೆ ವರ್ಷಕ್ಕೆ 4,000 ಮಿ.ಮೀ. ಹತ್ತಿರ ಮಳೆ ಬೀಳುವ ನಮ್ಮಲ್ಲಿ ಮೇಲ್ಮೈಯ ಸಿಮೆಂಟು ನಿಧಾನಕ್ಕೆ ಕರಗಿ ನಾರಿನ ತುದಿ ಹೊರಗೆ ಕಾಣತೊಡಗುತ್ತದೆ. ಉಗುರಿನಿಂದ ಕೆರೆದರೆ ಪುಡಿ ಬರುವುದು, ಅಂಚು ಪದರಪದರವಾಗಿ ಬಿಡುವುದು, ತೆಂಗಿನಕಾಯಿ ಬಿದ್ದು ಸೀಳಿದ್ದು, ಬೋಲ್ಟಿನ ಸುತ್ತ ಒಡೆದದ್ದು ಕಂಡರೆ ಬದಲಾಯಿಸುವ ಯೋಜನೆ ಹಾಕಿ. ಅಲ್ಲಿಯವರೆಗೆ ಕೆಳಗೆ ಒಂದು ಸೀಲಿಂಗ್ ಹಾಕುವುದು ಒಳ್ಳೆಯದು. ಸೀಲಿಂಗ್ ಹಾಕುವಾಗ ಶೀಟಿಗೆ ಡ್ರಿಲ್ ಹೊಡೆಯದೆ ಪಟ್ಟಿಗಳಿಗೇ ಬಿಗಿಯಿರಿ.

ಬಚ್ಚಲೊಲೆ, ರಬ್ಬರಿನ ಹೊಗೆಗೂಡು, ಕೊಪ್ಪರ ಒಣಗಿಸುವ ಒಲೆ ಇವುಗಳ ನೇರ ಮೇಲೆ ಈ ಶೀಟು ಇರಬಾರದು. ಬೆಂಕಿಗೆ ಉರಿಯುವುದಿಲ್ಲ ನಿಜ, ಆದರೆ ಬಿಸಿ ಏರಿದರೆ ಸಿಮೆಂಟಿನೊಳಗಿನ ನೀರು ಆವಿಯಾಗಿ ಶೀಟು ಪಟಪಟನೆ ಸಿಡಿದು ಚೂರು ಚೆಲ್ಲುತ್ತದೆ.

ನಮ್ಮ ಶೀಟಿನಲ್ಲಿ ಕಲ್ನಾರು ಇದೆಯೋ ಇಲ್ಲವೋ ನೋಡಿ ಹೇಳಬಹುದೇ?

ಬರಿಗಣ್ಣಿಗೆ ಗೊತ್ತಾಗುವುದಿಲ್ಲ. ಕಲ್ನಾರಿನ ಶೀಟಿಗೆ ಭಾರತೀಯ ಮಾನಕ ಐಎಸ್ 459, ಕಲ್ನಾರಿಲ್ಲದ ಫೈಬರ್ ಸಿಮೆಂಟಿಗೆ ಐಎಸ್ 14871. ಶೀಟಿನ ಮೇಲಿನ ಅಚ್ಚು ಅಥವಾ ಬಿಲ್ಲು ನೋಡಿ. ಎರಡೂ ಇಲ್ಲದಿದ್ದರೆ ಇದೆ ಎಂದೇ ಲೆಕ್ಕ. ಖಚಿತ ಬೇಕಾದರೆ ಧ್ರುವೀಕೃತ ಬೆಳಕಿನ ಸೂಕ್ಷ್ಮದರ್ಶಕ ಪರೀಕ್ಷೆ ಮಾಡುವ ಮಾನ್ಯತೆ ಪಡೆದ ಲ್ಯಾಬಿಗೆ, ಒದ್ದೆ ಮಾಡಿ ಮುರಿದ ಹೆಬ್ಬೆರಳ ಗಾತ್ರದ ಚೂರನ್ನು ಎರಡು ಜಿಪ್ ಚೀಲದೊಳಗಿಟ್ಟು ಕೊಡಬೇಕು.

ಮಳೆಗಾಲಕ್ಕೆ ಮುಂಚೆ ಹಾವಸೆ ತಿಕ್ಕಿ ಪೇಂಟ್ ಹೊಡೆಯುವುದು ರೂಢಿ. ಮಾಡಬಹುದೇ?

ಕರಾವಳಿಯ ಮನೆಗಳಲ್ಲಿ ಅತಿ ಹೆಚ್ಚು ನಾರು ಹಾರುವುದು ಈ ಕೆಲಸದಲ್ಲಿ ಎಂದೇ ನಮ್ಮ ಎಣಿಕೆ. ಮಳೆಗಾಲದ ಹೊಸ್ತಿಲಿನ ತುಳು ಪರ್ವದಿನ ಪತ್ತನಾಜೆಗೆ ಮುಂಚಿನ ಬಿಸಿಲಲ್ಲಿ ಒಣಗಿ ಗರಿಗರಿಯಾದ ಹಾವಸೆಯನ್ನು ತಂತಿ ಬ್ರಶ್ಶಿನಿಂದ ಕೆರೆದರೆ, ಅದರ ಬೇರು ಹಿಡಿದುಕೊಂಡ ಸಿಮೆಂಟಿನ ಮೇಲ್ಪದರವೂ ನಾರಿನೊಡನೆ ಕಿತ್ತುಬರುತ್ತದೆ. ಪ್ರೆಶರ್ ವಾಶರ್ ಇನ್ನೂ ಕೆಟ್ಟದ್ದು. ನೀರಿನ ರಭಸ ಮೇಲ್ಪದರವನ್ನು ಸುಲಿದು ಗೋಡೆ, ಅಂಗಳ, ಗಿಡಗಳ ಮೇಲೆಲ್ಲ ಎರಚುತ್ತದೆ. ಒಣಗಿದ ಮೇಲೆ ಅದೇ ಧೂಳು.

ಹಾವಸೆ ಇದ್ದರೆ ಇರಲಿ, ಶೀಟಿಗೆ ಅದರಿಂದ ದೊಡ್ಡ ಹಾನಿಯಿಲ್ಲ. ಬಣ್ಣ ಹೊಡೆಯಲೇಬೇಕಾದರೆ ಪಾಚಿನಾಶಕವನ್ನು ಮೆಲ್ಲಗೆ ಸಿಂಪಡಿಸಿ ಸಾಯಲು ಬಿಡಿ, ಬಳಿಕ ಚೆನ್ನಾಗಿ ಒದ್ದೆ ಮಾಡಿ ಮೆತ್ತನೆಯ ಬಟ್ಟೆಯಿಂದ ಒರೆಸಿ ತೆಗೆಯಿರಿ. ದ್ರಾವಣ ಇಳಿಯುವ ಕಡೆ ಬಾವಿ ಇದ್ದರೆ ಈ ಕೆಲಸವೇ ಬೇಡ. ಒಣಗಿದ ಮೇಲೆ ಕ್ಷಾರ ತಡೆಯುವ ಪ್ರೈಮರ್ ಒಂದು ಕೋಟು, ಹೊರಗೋಡೆಯ ಅಕ್ರಿಲಿಕ್ ಪೇಂಟ್ ಎರಡು ಕೋಟು. ಸ್ಯಾಂಡ್‌ಪೇಪರ್ ಮುಟ್ಟಬಾರದು.

ಗಟರಿನಲ್ಲಿ ಕೂತ ಕೆಸರಿನಲ್ಲೂ ನಾರಿರುತ್ತದೆ. ಒದ್ದೆಯಿರುವಾಗಲೇ ಮೊಗೆದು ಚೀಲಕ್ಕೆ ತುಂಬಿ. ಗೊಬ್ಬರವೆಂದು ಅಡಿಕೆ ಬುಡಕ್ಕೆ ಹಾಕಬೇಡಿ.

ಪೈಪಿಗೆ ತೂತು ಮಾಡಬೇಕು, ಸ್ವಲ್ಪ ಕತ್ತರಿಸಬೇಕು. ಹೇಗೆ?

ಕಟಿಂಗ್ ಮೆಷಿನ್ ಹಚ್ಚಲೇಬೇಡಿ. ವೇಗವಾಗಿ ತಿರುಗುವ ಆ ಬ್ಲೇಡು ಶೀಟನ್ನು ನುಣ್ಣನೆಯ ಪುಡಿ ಮಾಡಿ ಗಾಳಿಗೆ ಎಸೆಯುತ್ತದೆ. ಪೈಪಿನ ದಾರಿಯನ್ನೇ ಬದಲಿಸಿ ಗೋಡೆಯಿಂದ ಒಯ್ಯುವುದು ಮೊದಲ ಆಯ್ಕೆ. ಬೇರೆ ದಾರಿಯೇ ಇಲ್ಲದಿದ್ದರೆ ಕೈಯಿಂದ ತಿರುಗಿಸುವ ಡ್ರಿಲ್ಲು ಅಥವಾ ಕೈಗರಗಸ, ಕೊರೆಯುವ ಜಾಗಕ್ಕೆ ಶೇವಿಂಗ್ ಫೋಮಿನ ದಪ್ಪ ಮುದ್ದೆ, ಶೀಟಿನ ಅಡಿಯಲ್ಲೂ ಅಷ್ಟೇ. ಪುಡಿ ನೊರೆಯಲ್ಲಿ ಸಿಕ್ಕಿಕೊಳ್ಳುತ್ತದೆ; ಒದ್ದೆ ಬಟ್ಟೆಯಿಂದ ಒರೆಸಿ ಬಟ್ಟೆಯನ್ನೂ ಚೀಲಕ್ಕೆ ಹಾಕಿ. ಮಾಸ್ಕ್ ಬೇಕೇ ಬೇಕು.

ಶೀಟು ತೆಗೆಯುವ ಸರಿಯಾದ ಕ್ರಮ ಹೇಳಿ.

ಮೊದಲನೆಯದು ಬೀಳದಿರುವುದು. ಹಳೆ ಶೀಟಿನ ಮೇಲೆ ಕಾಲಿಟ್ಟು ಸೀದಾ ಕೆಳಗೆ ಬಿದ್ದು ಸತ್ತವರು ಬಹಳ. ಕ್ಯಾನ್ಸರಿನಂತೆ ಅದಕ್ಕೆ ಮೂವತ್ತು ವರ್ಷ ಬೇಡ. ಬೋಲ್ಟಿನ ಸಾಲಿನ ಮೇಲೆ ನಡೆದರೆ ಸಾಕು ಎಂಬ ನಂಬಿಕೆ ತಪ್ಪು. ಸಾಧ್ಯವಾದಷ್ಟು ಒಳಗಿನಿಂದ ಏಣಿ ಅಥವಾ ಅಟ್ಟಣಿಗೆ ಕಟ್ಟಿ ಕೆಲಸ ಮಾಡಿ. ಮೇಲೆ ಹತ್ತಲೇಬೇಕಾದರೆ ಕನಿಷ್ಠ ಮೂರು ಅಡ್ಡಪಟ್ಟಿಗಳ ಮೇಲೆ ಭಾರ ಹಂಚುವ ಹಲಗೆ, ಸೊಂಟಕ್ಕೆ ಬೆಲ್ಟು.

ಹೊತ್ತು: ಬೆಳಿಗ್ಗೆ 7ರಿಂದ 10. ಅದರ ನಂತರ ಕಡಲಗಾಳಿ ಏಳುತ್ತದೆ. ಮಕ್ಕಳು, ದನಕರು ದೂರ, ಕಿಟಕಿಗಳು ಮುಚ್ಚಿ, ಬಾವಿ, ನೀರಿನ ಟ್ಯಾಂಕಿಗೆ ಟಾರ್ಪಾಲು, ಶೀಟಿನ ಅಡಿಯ ನೆಲಕ್ಕೂ ಒಂದು. ಹಟ್ಟಿಯಾದರೆ ಹುಲ್ಲು, ಹಿಂಡಿ ಎಲ್ಲ ಹೊರಗೆ.

ಒದ್ದೆ ಮಾಡಲು ಬರೀ ನೀರು ಸಾಲದು, ಶೀಟಿನ ಮೇಲೆ ಹನಿಹನಿಯಾಗಿ ಜಾರಿಹೋಗುತ್ತದೆ. 20 ಲೀಟರ್ ನೀರಿಗೆ ಸುಮಾರು 30 ಮಿ.ಲೀ. ಪಾತ್ರೆ ತೊಳೆಯುವ ದ್ರವ ಸೇರಿಸಿದರೆ ನೀರು ಹರಡಿ ಒಳಗೆ ಹಿಡಿಯುತ್ತದೆ. ಬೆನ್ನಿಗೆ ಹಾಕುವ ಮದ್ದು ಬಿಡುವ ಪಂಪು ಸಾಕು, ನಾಜಲ್ ಮಂಜಿನಂತೆ ಇರಲಿ. ತೋಟಕ್ಕೆ ಬೋರ್ಡೋ ಹೊಡೆಯುವ ಜೋರಿನ ಪಂಪು ಬೇಡ. ಒದ್ದೆ ಶೀಟು ಜಾರುತ್ತದೆ, ಆದ್ದರಿಂದ ಏಣಿಯ ಮೇಲಿಂದಲೇ ಸಿಂಪಡಿಸಿ. ಎರಡೂ ಬದಿ ತೋಯಬೇಕು.

ಶೀಟನ್ನು ಅಡ್ಡಪಟ್ಟಿಗೆ ಬಿಗಿಯುವ ಕೊಕ್ಕೆಯಂಥ ಜೆ ಬೋಲ್ಟುಗಳು ನಮ್ಮ ಉಪ್ಪುಗಾಳಿಗೆ ತುಕ್ಕು ಹಿಡಿದು ಕಚ್ಚಿಕೊಂಡಿರುತ್ತವೆ. ಸುತ್ತಿಗೆಯಿಂದ ಹೊಡೆದರೆ ಶೀಟು ಒಡೆಯುತ್ತದೆ, ಕೆಲಸ ಕೆಡುವುದು ಹೆಚ್ಚಾಗಿ ಇಲ್ಲೇ. ಹಿಂದಿನ ದಿನವೇ ತುಕ್ಕು ಬಿಡಿಸುವ ಎಣ್ಣೆ ಬಿಟ್ಟಿರಿ. ಬಿಡದಿದ್ದರೆ ಅಡಿಯಿಂದ ಬೋಲ್ಟ್ ಕಟರಿನಿಂದ ಕಬ್ಬಿಣವನ್ನು ಕತ್ತರಿಸಿ. ಶೀಟು ಹಾಕಿದ ಕ್ರಮದ ಉಲ್ಟಾ ತೆಗೆಯಬೇಕು: ಮೊದಲು ರಿಡ್ಜು (ಮಾಡಿನ ನೆತ್ತಿಯ ಶೀಟು), ಆಮೇಲೆ ಮೇಲಿನ ಸಾಲು, ಕೊನೆಗೆ ಕೆಳಗಿನದು, ಪ್ರತಿ ಸಾಲಿನಲ್ಲೂ ಕೊನೆಗೆ ಹಾಕಿದ ಬದಿಯಿಂದ. ಇಲ್ಲದಿದ್ದರೆ ಒಂದರ ಅಂಚು ಇನ್ನೊಂದರಡಿ ಸಿಕ್ಕಿ ಮುರಿಯುತ್ತದೆ. 3 ಮೀಟರಿನ ಒಂದು ಶೀಟು 40 ಕೆ.ಜಿ. ದಾಟುತ್ತದೆ, ಒದ್ದೆಯಾದರೆ ಇನ್ನೂ ಹೆಚ್ಚು. ಇಬ್ಬರು ಹಿಡಿದು, ಹಗ್ಗ ಕಟ್ಟಿ ಇಡಿಯಾಗಿಯೇ ಇಳಿಸಿ. ಮೇಲಿಂದ ಎಸೆಯುವುದು, ಸಾಗಿಸಲು ಸುಲಭವೆಂದು ಒಡೆಯುವುದು ಎರಡೂ ಕೂಡದು.

ಇಳಿಸಿದ್ದನ್ನು 200 ಮೈಕ್ರಾನ್ ದಪ್ಪದ ಪಾಲಿಥೀನಿನಲ್ಲಿ ಎರಡು ಸುತ್ತು ಸುತ್ತಿ ಟೇಪ್ ಹಾಕಿ, ಮೇಲೆ "ಆಸ್ಬೆಸ್ಟಾಸ್, ಒಡೆಯಬೇಡಿ" ಎಂದು ದೊಡ್ಡದಾಗಿ ಬರೆಯಿರಿ. ನೆಲದ ಚೂರುಗಳನ್ನು ಒದ್ದೆ ಮಾಡಿ ಕೈಗವಸಿನಿಂದ ಹೆಕ್ಕಿ. ಹಿಡಿಸೂಡಿಯಿಂದ ಒಣ ಕಸ ಗುಡಿಸಬೇಡಿ, ಮನೆಯ ವ್ಯಾಕ್ಯೂಮ್ ಕ್ಲೀನರ್ ಬೇಡ. ಅದರ ಫಿಲ್ಟರಿನಿಂದ ನಾರು ತೂರಿ ಹಿಂದಿನಿಂದ ಹೊರಬರುತ್ತದೆ. ಅಡ್ಡಪಟ್ಟಿ, ಪಕ್ಕಾಸುಗಳನ್ನು ಒದ್ದೆ ಬಟ್ಟೆಯಿಂದ ಒರೆಸಿ.

ಮುಖಕ್ಕೆ ಬೈರಾಸು ಕಟ್ಟಿಕೊಂಡರೆ ಸಾಕಲ್ಲ?

ಸಾಲದು. ಬೈರಾಸಿನ ಎಳೆಗಳ ನಡುವಿನ ಸಂದಿ ನಾರಿಗೆ ಹೆಬ್ಬಾಗಿಲು. ಸರ್ಜಿಕಲ್ ಮಾಸ್ಕ್ ಕೂಡ ಅಷ್ಟೇ. ಬೇಕಾದ್ದು ಪಿ100 ಅಥವಾ ಪಿ3 ಫಿಲ್ಟರಿನ ಅರ್ಧಮುಖದ ರೆಸ್ಪಿರೇಟರ್; ಪಿ100 ಫಿಲ್ಟರ್ ನೂರಕ್ಕೆ 99.97 ಪಾಲು ಕಣ ತಡೆಯುತ್ತದೆ. ಎನ್95 ಇದಕ್ಕೆ ಸಮನಲ್ಲ. ಗಡ್ಡವಿದ್ದರೆ ಯಾವುದೂ ಮುಖಕ್ಕೆ ಕೂರುವುದಿಲ್ಲ, ಬದಿಯಿಂದ ಗಾಳಿ ನುಗ್ಗುತ್ತದೆ. ಕೆಲಸ ಮುಗಿದ ಮೇಲೆ ಬಟ್ಟೆಗೆ ನೀರು ಸಿಂಪಡಿಸಿ, ಕಳಚಿ, ಎಲ್ಲಕ್ಕಿಂತ ಕೊನೆಗೆ ಮಾಸ್ಕ್ ತೆಗೆದು, ತಲೆಗೆ ಸ್ನಾನ ಮಾಡಬೇಕು.

ತೆಗೆದ ಶೀಟನ್ನು ಎಲ್ಲಿ ಹಾಕುವುದು?

ಇದು ನಮ್ಮ ವ್ಯವಸ್ಥೆಯ ಅತಿ ದುರ್ಬಲ ಕೊಂಡಿ. 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ಮೊದಲ ಅನುಸೂಚಿಯಲ್ಲಿ ಕಲ್ನಾರು ತಯಾರಿಕೆಯ ತ್ಯಾಜ್ಯ ಹೆಸರಿಸಲ್ಪಟ್ಟಿದೆ. ಕಾರ್ಖಾನೆ, ಗೋದಾಮಿನವರು ಕರ್ನಾಟಕ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಾದೇಶಿಕ ಕಚೇರಿಗೆ ಬರೆದು, ಅಧಿಕೃತ ಸಾಗಣೆದಾರರ ಮೂಲಕ ಬೆಂಗಳೂರು ಬಳಿಯ ದಾಬಸ್‌ಪೇಟೆಯಲ್ಲಿರುವಂಥ ಅಪಾಯಕಾರಿ ತ್ಯಾಜ್ಯದ ಭೂಭರ್ತಿಗೆ ಕಳಿಸಬೇಕು. ಮನೆಯವರು ಶೀಟು ಇಳಿಸುವ ಮೊದಲೇ ಮಂಡಳಿಯ ಕಚೇರಿ ಮತ್ತು ಪಾಲಿಕೆ ಅಥವಾ ಪಂಚಾಯಿತಿಯನ್ನು ಲಿಖಿತವಾಗಿ ಕೇಳಿ. ಉತ್ತರ ಬರುವವರೆಗೆ ಸುತ್ತಿದ ಕಟ್ಟನ್ನು ನೆರಳಲ್ಲಿ, ಯಾರೂ ತುಳಿಯದ ಕಡೆ ಇಡಬಹುದು. ಸುತ್ತಿಟ್ಟದ್ದು ಹಾನಿ ಮಾಡುವುದಿಲ್ಲ.

ಖಾಲಿ ಮುರಕಲ್ಲು ಕೋರೆಗೆ ಸುರಿಯುವುದು, ಹಾಳುಬಾವಿ ತುಂಬಿಸುವುದು, ಕೆಸರಾದ ದಾರಿಗೆ ಚೂರು ಹಾಸುವುದು ನಮ್ಮ ಕಡೆ ಕಾಣುವ ರೂಢಿ. ಮೂರರಲ್ಲಿ ದಾರಿಗೆ ಹಾಸುವುದು ಅತ್ಯಂತ ಕೆಟ್ಟದ್ದು: ಪ್ರತಿ ರಿಕ್ಷಾ, ಪ್ರತಿ ಬೈಕು ಅದನ್ನು ಅರೆಯುತ್ತದೆ, ಬೇಸಿಗೆಯಲ್ಲಿ ಆ ಧೂಳಲ್ಲೇ ಮಕ್ಕಳು ಶಾಲೆಗೆ ನಡೆಯುತ್ತಾರೆ. ಗುಜರಿಗೆ ಕೊಡುವುದು, ಕೋಳಿಗೂಡಿಗೋ ಕಟ್ಟಿಗೆ ಕೊಟ್ಟಿಗೆಗೋ ಎಂದು ಯಾರಿಗಾದರೂ ದಾನ ಮಾಡುವುದೂ ಅಪಾಯವನ್ನು ಆಚೆಮನೆಗೆ ದಾಟಿಸಿದಂತೆ.

ಬಸ್ಸು, ಲಾರಿ ಗ್ಯಾರೇಜಿನಲ್ಲಿ ಏನು ಜಾಗ್ರತೆ?

ಖಾಸಗಿ ಬಸ್ಸುಗಳೇ ಓಡಾಟದ ಆಧಾರವಾದ ಈ ಎರಡು ಜಿಲ್ಲೆಗಳಲ್ಲಿ ಬ್ರೇಕ್ ಕೆಲಸ ದಿನನಿತ್ಯದ್ದು. ಕಲ್ನಾರಿನ ಬ್ರೇಕ್ ಲೈನಿಂಗ್, ಕ್ಲಚ್ ಪ್ಲೇಟು ನಮ್ಮ ಮಾರುಕಟ್ಟೆಯಲ್ಲಿ ಇನ್ನೂ ಇವೆ. ಬ್ರೇಕಿನ ಕಾವಿಗೆ ಲೈನಿಂಗಿನ ಕ್ರೈಸೊಟೈಲಿನ ಬಹುಪಾಲು ಬೇರೆ ಖನಿಜವಾಗಿ ಮಾರ್ಪಟ್ಟಿರುತ್ತದೆ. ಡ್ರಮ್ಮಿನೊಳಗಿನ ಪುಡಿಯಲ್ಲಿ ಉಳಿಯುವ ನಾರು ಸ್ವಲ್ಪವೇ. ಆದರೆ ದಿನಕ್ಕೆ ಹತ್ತು ಡ್ರಮ್ಮಿಗೆ ಏರ್ ಹೊಡೆಯುವ ಹುಡುಗನಿಗೆ ಸ್ವಲ್ಪಸ್ವಲ್ಪವೇ ಸೇರಿ ಹೆಚ್ಚಾಗುತ್ತದೆ. ಅದಕ್ಕಿಂತ ದೊಡ್ಡ ಅಪಾಯ ಹೊಸ ಲೈನಿಂಗಿನಲ್ಲಿ: ರಿವೆಟ್ ತೂತು ಕೊರೆಯುವಾಗ, ಡ್ರಮ್ಮಿಗೆ ಹೊಂದಿಸಲು ಅಂಚು ಉಜ್ಜುವಾಗ ಹಾರುವುದು ಕಾವು ತಾಗದ ತಾಜಾ ನಾರು.

ಡ್ರಮ್ ಬಿಚ್ಚುವ ಮೊದಲೇ ಅಡಿಗೆ ಟ್ರೇ ಇಡಿ. ಸಂದಿಯಿಂದ ಸಾಬೂನು ನೀರನ್ನು ಮೆಲ್ಲಗೆ ಬಿಟ್ಟು, ಬಿಚ್ಚಿದ ಮೇಲೆ ಮತ್ತೆ ತೋಯಿಸಿ, ಒದ್ದೆ ಬಟ್ಟೆಯಿಂದ ಒರೆಸಿ. ಕಂಪ್ರೆಸರಿನ ಗಾಳಿ ಬೇಡವೇ ಬೇಡ. ಲೈನಿಂಗ್ ಕೊಳ್ಳುವಾಗ ಪೊಟ್ಟಣದ ಮೇಲೆ ಆಸ್ಬೆಸ್ಟಾಸ್ ರಹಿತ ಎಂಬ ಬರಹ ಇದ್ದದ್ದನ್ನೇ ಕೇಳಿ. ಸ್ವಲ್ಪ ದುಬಾರಿ, ಬಸ್ಸಿನ ಮಾಲೀಕರಿಗೆ ಅದು ಭಾರವಾಗುವ ಮೊತ್ತವಲ್ಲ.

ಕಾರ್ಖಾನೆ, ಬೋಟುಗಳಲ್ಲಿ ಎಲ್ಲೆಲ್ಲಿ ಹುಡುಕಬೇಕು?

ಗೇರುಬೀಜ ಕಾರ್ಖಾನೆಯ ಹಳೆಯ ಬಾಯ್ಲರಿನ ಬಿಳಿ ಗಾರೆಯಂಥ ಲೇಪ, ಉಗಿಪೈಪಿನ ಸುತ್ತಲಿನ ಹೊದಿಕೆ, ಕುಲುಮೆಯ ಬಾಗಿಲಿನ ಹಗ್ಗ, ಫಿಟ್ಟರುಗಳು ಸಿಎಎಫ್ ಎಂದು ಕರೆಯುವ ಗ್ಯಾಸ್ಕೆಟ್ ಶೀಟು, ವಾಲ್ವಿನ ಗ್ಲ್ಯಾಂಡ್ ಪ್ಯಾಕಿಂಗ್, ಬೋಟಿನ ಎಂಜಿನ್ ಸೈಲೆನ್ಸರಿಗೆ ಸುತ್ತುವ ಹಗ್ಗ, ಶಾಲಾ ಲ್ಯಾಬಿನ ಹಳೆಯ ತಂತಿಜಾಲರಿಯ ನಡುವಿನ ಬಿಳಿ ವೃತ್ತ. ಇವುಗಳಲ್ಲಿ ಬಾಯ್ಲರಿನ ಲೇಪ ಶೀಟಿಗಿಂತ ಎಷ್ಟೋ ಪಾಲು ಅಪಾಯಕಾರಿ. ಬೆರಳಿನಿಂದ ಹಿಚುಕಿದರೆ ಪುಡಿಯಾಗುತ್ತದೆ, ನಾರಿನ ಪಾಲೂ ಹೆಚ್ಚು. ಇದನ್ನು ತರಬೇತಿಯಿಲ್ಲದವರು ಮುಟ್ಟಬಾರದು. ಜಾಗವನ್ನು ಪಾಲಿಥೀನಿನಿಂದ ಮುಚ್ಚಿ, ಒಳಗಿನ ಗಾಳಿಯನ್ನು ಅತಿ ಸೂಕ್ಷ್ಮ ಕಣ ಹಿಡಿಯುವ ಹೆಪಾ ಫಿಲ್ಟರ್ ಮೂಲಕವೇ ಹೊರಗೆಳೆದು ಮಾಡುವ ಕೆಲಸ ಇದು. ಹಳೆ ಗ್ಯಾಸ್ಕೆಟನ್ನು ತಂತಿಚಕ್ರದಿಂದ ಉಜ್ಜಬೇಡಿ, ಎಣ್ಣೆ ಅಥವಾ ನೀರಿನಿಂದ ನೆನೆಸಿ ಚಪ್ಪಟೆ ಬ್ಲೇಡಿನಿಂದ ಎಬ್ಬಿಸಿ. ಬೋಟಿನ ಸೈಲೆನ್ಸರಿಗೆ ಗ್ಲಾಸ್ ಫೈಬರ್ ಹಗ್ಗ ಸಿಗುತ್ತದೆ. ಎಂಜಿನ್ ಕೋಣೆ ಇಕ್ಕಟ್ಟು, ಎಂಜಿನ್ ನಡುಗುತ್ತಲೇ ಇರುತ್ತದೆ, ಹಳೆ ಹಗ್ಗ ಉದುರುತ್ತಲೇ ಇರುತ್ತದೆ. ಹಾಗಾಗಿ ಮಳೆಗಾಲದ ಮೀನುಗಾರಿಕೆ ರಜೆಯಲ್ಲಿ ಮೊದಲು ಬದಲಿಸಬೇಕಾದದ್ದು ಇದನ್ನೇ.

ಕೆಲಸದ ಬಟ್ಟೆ ಮನೆಗೆ ತಂದರೆ?

ತರಬೇಡಿ. ಗಂಡನ ಬಟ್ಟೆ ಕೊಡವಿ ಒಗೆದ ಹೆಂಡತಿಗೆ, ಅಪ್ಪನ ತೊಡೆಯೇರಿದ ಮಗುವಿಗೆ ಮೆಸೊಥೆಲಿಯೋಮಾ ಬಂದದ್ದು ಹಲವು ದೇಶಗಳಲ್ಲಿ ದಾಖಲಾಗಿದೆ.

ಶೀಟಿನ ಮೇಲಿನ ಮಳೆನೀರು ಕುಡಿಯಬಹುದೇ? ಬಾವಿಗೆ ಬಿಡಬಹುದೇ?

ನುಂಗಿದ ನಾರು ಉಸಿರಾಡಿದ ನಾರಿನಷ್ಟು ಹಾನಿ ಮಾಡುತ್ತದೆ ಎನ್ನಲು ಗಟ್ಟಿ ಪುರಾವೆ ಇಲ್ಲ. ಕುಡಿಯುವ ನೀರಿಗೆ ವಿಶ್ವ ಆರೋಗ್ಯ ಸಂಸ್ಥೆ ಮಿತಿ ನಿಗದಿ ಮಾಡಿಲ್ಲ, ಆದರೆ ಅಮೆರಿಕ ಲೀಟರಿಗೆ 70 ಲಕ್ಷ ನಾರು ಎಂಬ ಮಿತಿ ಇಟ್ಟಿದೆ. ಹಳೆಯ ಎಸಿ (ಆಸ್ಬೆಸ್ಟಾಸ್ ಸಿಮೆಂಟ್) ಪೈಪಿನ ನೀರು ಕುಡಿದೆವೆಂದು ಕಂಗಾಲಾಗಬೇಡಿ. ಆದರೂ ಸವೆದ ಶೀಟಿನ ನೀರನ್ನು ಬಾವಿಗೆ ಇಂಗಿಸುವುದಾದರೆ ಮೊದಲ ಕೆಲವು ಮಳೆಯ ನೀರನ್ನು ಹೊರಬಿಟ್ಟು, ಉಳಿದದ್ದನ್ನು ಮರಳಿನ ಸೋಸುಗುಂಡಿಯ ಮೂಲಕವೇ ಬಿಡಿ.

ಶೀಟಿನ ಬದಲು ಏನು ಹಾಕುವುದು?

ಹಂಚು ಎಂದು ಹೇಳಲು ಆಸೆ. ಆದರೆ ಶೀಟಿನ ಚೌಕಟ್ಟಿನ ಮೇಲೆ ಹಂಚು ಕೂರುವುದಿಲ್ಲ. ಶೀಟು ಚದರ ಮೀಟರಿಗೆ ಸುಮಾರು 13-14 ಕೆ.ಜಿ.; ಹಂಚಾದರೆ ಚದರ ಮೀಟರಿಗೆ ಸುಮಾರು 15, ಒಂದೊಂದು 2 ಕೆ.ಜಿ.ಗಿಂತ ಮೇಲೆ, ಒಟ್ಟು 30 ಕೆ.ಜಿ. ದಾಟುತ್ತದೆ. ಇಳಿಜಾರೂ ಬೇರೆ: ನಮ್ಮ ಗಾಳಿಮಳೆಗೆ ಹಂಚಿನ ಮಾಡು 30 ಡಿಗ್ರಿಯಾದರೂ ಇರಬೇಕು, ಇಲ್ಲವಾದರೆ ಹಂಚಿನ ಸಂದಿಯಿಂದ ನೀರು ಹಿಮ್ಮುಖ ನುಗ್ಗುತ್ತದೆ. ಚಪ್ಪಟೆಯಾದ ಶೀಟುಮಾಡಿಗೆ ಹಂಚು ಹಾಕಿ ಸೋರಿದಾಗ ಹಂಚನ್ನು ಬೈಯುವುದು ನ್ಯಾಯವಲ್ಲ. ಚೌಕಟ್ಟು ಬದಲಿಸುವ ಶಕ್ತಿ ಇದ್ದರೆ ಹಂಚು, ಇಲ್ಲದಿದ್ದರೆ ಸತು-ಅಲ್ಯೂಮಿನಿಯಂ ಲೇಪದ ಬಣ್ಣದ ಶೀಟು ಅಥವಾ ಕಲ್ನಾರಿಲ್ಲದ ಫೈಬರ್ ಸಿಮೆಂಟು. ಕಡಲಿಗೆ ಹತ್ತಿರವಿದ್ದರೆ ಲೋಹದ ಶೀಟಿನ ಕತ್ತರಿಸಿದ ಅಂಚು ಮತ್ತು ಸ್ಕ್ರೂ ತಲೆಗಳಲ್ಲಿ ತುಕ್ಕು ಮೊದಲು ಹಿಡಿಯುತ್ತದೆ, ಅಲ್ಲಿ ಜಿಪುಣತನ ಬೇಡ. ಫೈಬರ್ ಸಿಮೆಂಟನ್ನೂ ಒಣದಾಗಿ ಕತ್ತರಿಸಬೇಡಿ. ಅದರಲ್ಲಿ ಸಿಲಿಕಾ ಧೂಳಿದೆ.

ಒಮ್ಮೆ ಶೀಟು ಒಡೆದು ಧೂಳು ಕುಡಿದೆ. ಪರೀಕ್ಷೆ ಮಾಡಿಸಲೇ?

ಬೇಡ. ಒಂದು ದಿನದ ಧೂಳನ್ನು ಯಾವ ಸ್ಕ್ಯಾನೂ ತೋರಿಸುವುದಿಲ್ಲ, ಒಂದು ದಿನದಿಂದ ಬರುವ ಅಪಾಯವೂ ಬಹಳ ಚಿಕ್ಕದು. ದಿನಾಂಕ ಬರೆದಿಡಿ, ಮುಂದೆ ಹಾಗಾಗದಂತೆ ನೋಡಿ.

ವರ್ಷಗಟ್ಟಲೆ ಈ ಕೆಲಸ ಮಾಡಿದ್ದೇನೆ. ಡಾಕ್ಟರ ಬಳಿ ಏನು ಹೇಳಬೇಕು?

ವೈದ್ಯರು ಕೇಳದಿದ್ದರೂ ನೀವೇ ಹೇಳಿ: ಯಾವ ಕೆಲಸ, ಯಾವ ಇಸವಿಯಿಂದ ಯಾವ ಇಸವಿಯವರೆಗೆ, ಕತ್ತರಿಸುತ್ತಿದ್ದಿರೋ ಉಜ್ಜುತ್ತಿದ್ದಿರೋ, ಮಾಸ್ಕ್ ಇತ್ತೋ. ನಮ್ಮಲ್ಲಿ ದೀರ್ಘ ಕೆಮ್ಮು, ಎದೆಯಲ್ಲಿ ನೀರು ತುಂಬುವುದು ಎಂದರೆ ಮೊದಲು ಕ್ಷಯದ ಗುಮಾನಿ ಬರುತ್ತದೆ, ಬರಬೇಕಾದ್ದೇ. ಆದರೆ ಕಫದಲ್ಲಿ ಕ್ಷಯದ ಸೂಕ್ಷ್ಮಾಣು ಸಿಗದೆಯೇ ತಿಂಗಳುಗಟ್ಟಲೆ ಕ್ಷಯದ ಮಾತ್ರೆ ನುಂಗಿಯೂ ನೀರು ಮತ್ತೆ ತುಂಬುತ್ತಿದ್ದರೆ, ಶ್ವಾಸಕೋಶದ ಪೊರೆಯ ಬಯಾಪ್ಸಿ ಬಗ್ಗೆ ಕೇಳಲೇಬೇಕು. ಎದೆಯ ಎಕ್ಸ್‌ರೇ, ಊದಿಸಿ ನೋಡುವ ಸ್ಪೈರೋಮೆಟ್ರಿ, ಅಗತ್ಯವಿದ್ದರೆ ಎಚ್‌ಆರ್‌ಸಿಟಿ ಎಂಬ ಹೆಚ್ಚು ಸ್ಪಷ್ಟವಾದ ಸಿಟಿ ಸ್ಕ್ಯಾನ್ ಮಾಡುತ್ತಾರೆ. ಆರಂಭದ ಆಸ್ಬೆಸ್ಟೋಸಿಸ್ ಎಕ್ಸ್‌ರೇಯಲ್ಲಿ ತಪ್ಪಿಸಿಕೊಳ್ಳಬಹುದು, ಸ್ಕ್ಯಾನಿನಲ್ಲಿ ಕಾಣುತ್ತದೆ. ಕಲೆಗಟ್ಟಿದ್ದನ್ನು ಮೊದಲಿನಂತೆ ಮಾಡುವ ಔಷಧಿ ಇಲ್ಲ. ಧೂಳಿನಿಂದ ದೂರ ಸರಿಯುವುದು, ಹೊಗೆ ಬಿಡುವುದು, ಫ್ಲೂ ಮತ್ತು ನ್ಯುಮೋನಿಯಾ ಲಸಿಕೆ, ಬೇಕಾದಾಗ ಆಮ್ಲಜನಕ, ಇವು ಆಯುಷ್ಯವನ್ನೂ ಉಸಿರನ್ನೂ ಉಳಿಸುತ್ತವೆ.

ಪರಿಹಾರ ಸಿಗುತ್ತದೆಯೇ? ಯಾವ ದಾಖಲೆ ಬೇಕು?

ಆಸ್ಬೆಸ್ಟೋಸಿಸ್ ಬಹಳ ಕಾಲದಿಂದ ಕಾನೂನಿನ ಪಟ್ಟಿಯಲ್ಲಿರುವ ಔದ್ಯೋಗಿಕ ರೋಗ. 1948ರ ಕಾರ್ಖಾನೆ ಕಾಯ್ದೆಯೇ ಅದನ್ನು ವೈದ್ಯರು ವರದಿ ಮಾಡಲೇಬೇಕಾದ ರೋಗಗಳಲ್ಲಿ ಸೇರಿಸಿತ್ತು. ಗ್ರಾಹಕ ಶಿಕ್ಷಣ ಮತ್ತು ಸಂಶೋಧನಾ ಕೇಂದ್ರದ ಮೊಕದ್ದಮೆಯಲ್ಲಿ 1995ರ ಜನವರಿಯಲ್ಲಿ ಸುಪ್ರೀಂ ಕೋರ್ಟು, ಕಾರ್ಮಿಕರ ಆರೋಗ್ಯ ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನ ಭಾಗ ಎಂದಿತು. ಕಲ್ನಾರಿನ ಕಾರ್ಖಾನೆಗಳು ಪ್ರತಿ ಕಾರ್ಮಿಕನ ಆರೋಗ್ಯ ದಾಖಲೆಯನ್ನು ಕೆಲಸ ಸೇರಿದಂದಿನಿಂದ 40 ವರ್ಷ ಅಥವಾ ಬಿಟ್ಟ ಮೇಲೆ 15 ವರ್ಷ, ಯಾವುದು ತಡವೋ ಅಲ್ಲಿಯವರೆಗೆ ಇಡಬೇಕೆಂದೂ, ರೋಗ ದೃಢಪಟ್ಟ ಕಾರ್ಮಿಕರಿಗೆ 1 ಲಕ್ಷ ರೂಪಾಯಿ ಕೊಡಬೇಕೆಂದೂ ಆದೇಶಿಸಿತು. ಹಾಗಾಗಿ ಕೆಲಸ ಬಿಟ್ಟು ಹತ್ತು ವರ್ಷವಾಗಿದ್ದರೂ ನಿಮ್ಮ ವೈದ್ಯಕೀಯ ದಾಖಲೆ ಕೇಳುವ ಹಕ್ಕು ಉಳಿದಿದೆ.

ಗ್ಯಾರೇಜು, ಶೀಟು ಕೆಲಸದವರಿಗೆ ಇಂಥ ದಾಖಲೆ ಯಾರೂ ಇಡುವುದಿಲ್ಲ. ಒಂದು ನೋಟ್ ಬುಕ್ಕಿನಲ್ಲಿ ಕೆಲಸದ ಜಾಗ, ತಿಂಗಳು-ವರ್ಷ, ಮಾಡಿದ ಕೆಲಸ, ಜೊತೆಗಿದ್ದವರ ಹೆಸರು ಬರೆಯಿರಿ. ಸಂಬಳದ ಚೀಟಿ, ಇಎಸ್‌ಐ ಕಾರ್ಡು, ಹಳೆಯ ಎಕ್ಸ್‌ರೇ ಫಿಲ್ಮು ಅದರೊಡನೆ ಇರಲಿ. ಹಳೆ ಫಿಲ್ಮನ್ನು ಹೊಸದರ ಪಕ್ಕ ಹಿಡಿದಾಗಲೇ ವೈದ್ಯರಿಗೆ ಬದಲಾವಣೆ ಕಾಣುವುದು. ಆ ಪುಸ್ತಕ ಎಲ್ಲಿದೆ ಎಂದು ಮನೆಯಲ್ಲಿ ಇನ್ನೊಬ್ಬರಿಗೂ ಗೊತ್ತಿರಲಿ.